ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಯಾವಗಲ್, ತಾಲೂಕು ರೋಣ
೧೧ ಮಾರ್ಚ್ ೨೦೦೭, ಭಾನುವಾರ

ನನ್ನ ತಮ್ಮ ಶಾಹೀದನಿಗೆ ಅಕ್ಕ ಜಮಾಲಬಿಯ ಸಲಾಮು ಮತ್ತು ದುವಾ.

ಈ ಕಾಗದ ಕೈಗೆ ಬಂದ ಕೂಡಲೇ ಮೊದಲು ನೀನು ಹೇಗಿದ್ದೀ ಅನ್ನುವುದನ್ನು ತಿಳಿಸು. ಮೊನ್ನೆ ಬೆಳಗಿನ ಜಾವ ನನಗೊಂದು ಕೆಟ್ಟ ಕನಸು ಬಿದ್ದಿದೆ. ಕೊಣ್ಣೂರಿನ ಸೇತುವೆ. ಹೊಳೆ ತುಂಬಿ ಸೇತುವೆಯ ಮೇಲೆಯೇ ಹರಿಯುತ್ತಿದೆ. ಆ ದಂಡೆಯಿಂದ ನೀನು ನಾಲ್ಕು ಗಾಲಿಯ ಮೋಟಾರು ಸೈಕಲ್ಲಿನ ಮೇಲೆ ಕುಳಿತು ನೀರಿನ ಕಡೆಗೇ ಬರುತ್ತಿದ್ದೀ. ನಿಲ್ಲಿಸು, ನಿಲ್ಲಿಸು ಅಂತ ಈ ದಂಡೆಯಿಂದ ನಾನು ಗಂಟಲು ಹರಿಯುವಂತೆ ಒದರುತ್ತಿದ್ದೇನೆ. ನೀನು ಎಡಗಾಲಿನಿಂದ ಗಿಯರು ಹುಡುಕುತ್ತೀ, ಅಲ್ಲಿ ಗಿಯರೇ ಇಲ್ಲ. ಕಾಲು ಬರೀ ಗಾಳಿಯಲ್ಲಿ ತಡಕಾಡುತ್ತದೆ. ಹತ್ತಿರ ಬಂದಾಗ ಮುಖ ನೋಡಿದರೆ ನೀನಲ್ಲ, ನಮ್ಮ ಮಗಳು ಫರ್ಜಾನಾ.

ಚಹಾ ಕುಡಿಯುವಾಗ ನಿನ್ನ ಭಾವನಿಗೆ ಹೇಳಿದೆ. ಹೆಂಡತಿಗೆ ಇಂಥ ಕನಸು ಬಿದ್ದರೆ ಬೇರೆ ಗಂಡಸರು ಏನಾದರೂ ಸಮಾಧಾನದ ಮಾತು ಹೇಳುತ್ತಾರೆ. ಇವರು ಬಸಿಗೆ ಚಹಾ ಸುರಿದುಕೊಂಡು ಏನಂದರು ಗೊತ್ತೇ? "ನೋಡು, ಕನಸಿನ್ಯಾಗೂ ಅದು ಆಟೋಮೆಟಿಕ್ ಗಾಡೀನ. ಗಿಯರಿಂದಾಗಿದ್ರ ಒಂದನೇದಕ್ಕ ಇಳಿಸಿದ್ರ ನಿಲ್ಲತಿತ್ತು." ಇಂಥವರ ಜೊತೆ ನಾನು ಬಾಳುವೆ ಮಾಡುತ್ತಿದ್ದೇನೆ.

ತಡವಾಗಿ ಬರೆಯುತ್ತಿರುವುದಕ್ಕೆ ಸಿಟ್ಟಾಗಬೇಡ. ನಿನ್ನ ಕಾಗದ ಬಂದಾಗ ಕಡಲೆ ಒಕ್ಕುವ ಗದ್ದಲ. ಅದು ಮುಗಿಯುವಷ್ಟರಲ್ಲಿ ಗಾಡಿಗಳ ಗದ್ದಲ. ಅದೂ ಅಲ್ಲದೆ ಆರನೇ ಇಯತ್ತೆ ಅರ್ಧಕ್ಕೆ ಬಿಟ್ಟವಳು ನಾನು, ಒಂದು ಪುಟ ಬರೆಯುವುದರೊಳಗೆ ಬೆರಳು ಮರಗಟ್ಟುತ್ತವೆ. ಫೋನು ಮಾಡಬಾರದೇ ಅನ್ನುತ್ತೀ. ಮೊಬೈಲು ಇರುವುದು ನಿನ್ನ ಭಾವನ ಕಿಸೆಯಲ್ಲಿ. ನಾನು ಮಾತಾಡುವಾಗ ಎದುರಿಗೇ ನಿಂತು, ಗಿಯರಿನ ಗಾಡಿಯೇ ಚಲೋ ಅಂತ ಅವನ ಬಾಯಿಂದ ಹೇಳಿಸು ಅಂತ ಸನ್ನೆ ಮಾಡುತ್ತಿರುತ್ತಾರೆ. ಕಳೆದ ಸಲ ನಿನ್ನನ್ನು ಒಂದೇ ಮಾತು ಕೇಳಿದ್ದೆ, ಗಿಯರಿನದು, ಗಿಯರಿಲ್ಲದ್ದು ಎರಡರಲ್ಲಿ ಯಾವುದು ಜೋರಾಗಿ ಓಡುತ್ತದೆ ಅಂತ. ನೀನು "ಅದು ಓಡಸೋರ ಮ್ಯಾಲೆ ಐತಿ ಅಕ್ಕಾ" ಅಂದೆ. ಅದೊಂದು ಉತ್ತರವೇನಪ್ಪಾ? ಶಾರ್ಜಾದ ಮರಳಿನಲ್ಲಿ ವರ್ಷಗಟ್ಟಲೆ ಇಂಥವೇ ನಾಲ್ಕು ಗಾಲಿಯ ಗಾಡಿಗಳನ್ನು ತೊಳೆದು, ರಿಪೇರಿ ಮಾಡಿ, ಬಂದವರಿಗೆ ಬಾಡಿಗೆಗೆ ಕೊಡುವವನು ನೀನು. ನಿನಗೇ ನೆಟ್ಟಗೆ ಹೇಳಲು ಬರದಿದ್ದರೆ ಯಾವಗಲ್ಲಿನಲ್ಲಿ ಕುಳಿತ ನಾನು ಏನು ತಿಳಿಯಲಿ. ಈಗ ಆದದ್ದೆಲ್ಲ ಬರೆಯುತ್ತೇನೆ. ಪೂರ್ತಿ ಓದು. ಕಡೆಗೆ ಒಂದು ಕೆಲಸ ಹೇಳುತ್ತೇನೆ, ಅದನ್ನು ಮಾತ್ರ ಮರೆಯಬೇಡ.

ನರಗುಂದದ ಹತ್ತಿ ವ್ಯಾಪಾರದ ಮನೆಯ ಹುಡುಗ ಅನಿಲಕುಮಾರ. ಅವರ ಟ್ರ್ಯಾಕ್ಟರುಗಳು ರಿಪೇರಿಗೆ ನಿನ್ನ ಭಾವನ ಹತ್ತಿರವೇ ಬರುವುದು. ಗೋವಾಕ್ಕೆ ತಿರುಗಾಡಲು ಹೋದವನು, ಅಲ್ಲಿ ಯಾವುದೋ ಹೊಟೇಲು ಮುಚ್ಚುತ್ತಿತ್ತಂತೆ, ಅವರು ಸಮುದ್ರದ ದಂಡೆಯಲ್ಲಿ ಬಾಡಿಗೆಗೆ ಓಡಿಸುತ್ತಿದ್ದ ಅಂಥವೇ ಎರಡು ಗಾಡಿಗಳನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದ. ಗಜೇಂದ್ರಗಡದ ಗುಡ್ಡದ ಮೇಲೆ, ಕೋಟೆ ನೋಡಲು ಬಂದವರಿಗೆ ಇವನ್ನು ಓಡಿಸಲು ಕೊಡಬೇಕು ಅಂತ ಅವನ ಹಂಚಿಕೆ. ಎರಡೂ ಹೊಲದ ಕೆಲಸದವಲ್ಲ, ಓಟಕ್ಕೆಂದೇ ಮಾಡಿದ ಜಾತಿ. ಎಂಜಿನ್ನು ಒಂದೇ ಅಳತೆಯದು. ಕೆಂಪು ಗಾಡಿಗೆ ಎಡಗೈಯಲ್ಲಿ ಕ್ಲಚ್ಚು, ಎಡಗಾಲಿಗೆ ಗಿಯರು. ಹಳದಿ ಗಾಡಿಗೆ ಅವೆರಡೂ ಇಲ್ಲ, ಹೆಬ್ಬೆರಳಿನಿಂದ ಒತ್ತಿದರೆ ಹೋಗುತ್ತದೆ, ಬ್ರೇಕು ಹಿಡಿದರೆ ನಿಲ್ಲುತ್ತದೆ. ಎರಡಕ್ಕೂ ಉಪ್ಪು ಗಾಳಿ ಹೊಡೆದು ತುಕ್ಕು ಹತ್ತಿತ್ತು. ಅನಿಲಕುಮಾರ ನಿನ್ನ ಭಾವನಿಗೆ ಅಂದ, "ಕಾಕಾ, ಎರಡೂ ಸಜ್ಜು ಮಾಡ್ರಿ. ಓಡಿಸಿ ನೋಡೂಣು. ಚಲೋದು ನಾ ಒಯ್ತೀನಿ, ಉಳಿದದ್ದು ನಿಮ್ಮ ಕೆಲಸಕ್ಕ ನಿಮಗ."

ಅಂದರೆ ಒಂದು ಗಾಡಿ ನಮ್ಮ ಅಂಗಳದಲ್ಲೇ ಉಳಿಯುತ್ತದೆ ಅಂತಾಯಿತು. ಯಾವುದು ಅನ್ನುವುದಷ್ಟೇ ಪ್ರಶ್ನೆ. ಆ ಪ್ರಶ್ನೆ ನನ್ನ ತಲೆ ತಿಂದುಹಾಕಿತು.

ಫರ್ಜಾನಾಳ ಕಾಲು ನೀನು ಹೋಗುವಾಗ ಹೇಗಿತ್ತೋ ಹಾಗೇ ಇದೆ. ಚಿಕ್ಕಂದಿನಲ್ಲಿ ಜ್ವರ ಬಂದು ಸೊರಗಿದ ಎಡಗಾಲು ಈಗ ಎಲ್ಲಿಂದ ಬಲಿಯಬೇಕು. ಹೊಲಿಗೆ ಯಂತ್ರವನ್ನು ಬಲಗಾಲಿನಿಂದಲೇ ತುಳಿಯುತ್ತಾಳೆ. ಓಣಿಯ ಕುಪ್ಪಸಗಳೆಲ್ಲ ಅವಳ ಹತ್ತಿರವೇ ಬರುತ್ತವೆ. ಆದರೆ ಮನೆಯಿಂದ ಹೊರಗೆ ಹೋಗಬೇಕೆಂದರೆ ಅಪ್ಪನ ಸೈಕಲ್ಲಿನ ಹಿಂದೆ, ಇಲ್ಲವೇ ಟ್ರ್ಯಾಕ್ಟರಿನ ಮಡ್ಗಾರ್ಡಿನ ಮೇಲೆ. ನಿನ್ನ ಭಾವ ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ, ಅದನ್ನು ನಾನು ಒಪ್ಪಬೇಕು. ಎಲ್ಲಿಗೆ ಅಂದರೆ ಅಲ್ಲಿಗೆ ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಕರೆದುಕೊಂಡು ಹೋಗುತ್ತಾರೆ.

ಹಳದಿ ಗಾಡಿ ಶುರುವಾದ ದಿನ ಅವಳು ಕಟ್ಟೆ ಹಿಡಿದುಕೊಂಡು ಬಂದು ಅದರ ಮೇಲೆ ಕುಳಿತಳು. ಬಲಗಾಲಿಗೆ ಬ್ರೇಕು, ಎಡಗೈಗೂ ಒಂದು ಬ್ರೇಕು. ಎಡಗಾಲನ್ನು ಪಾದ ಇಡುವ ಹಲಗೆಯ ಮೇಲೆ ಕೈಯಿಂದ ಎತ್ತಿ ಇಟ್ಟುಕೊಂಡಳು. ಅಂಗಳದಲ್ಲೇ ಒಂದು ಸುತ್ತು ಹಾಕಿದಳು, ಕೋಳಿಗಳೆಲ್ಲ ಚಪ್ಪರ ಹತ್ತಿದವು. ಸಂಜೆ ನಿನ್ನ ಭಾವ ಗಿರಾಕಿಗಳ ಮುಂದೆ ಭಾಷಣ ಬಿಗಿಯುತ್ತಿದ್ದರು. ಟ್ರ್ಯಾಕ್ಟರು ರಿಪೇರಿ ಮಾಡುತ್ತ ಕೂದಲು ಬೆಳ್ಳಗಾದವರಿಗೆ ಕ್ಲಚ್ಚಿಲ್ಲದ ಗಾಡಿ ಅಂದರೆ ಉಪ್ಪಿಲ್ಲದ ಸಾರು. "ಎಡಗಾಲಿಗಿ ಕೆಲಸನ ಇಲ್ಲದ್ದು ಅದೇನ್ ಗಾಡಿ? ಕುಂಟ ಗಾಡಿ ಅದು" ಅಂದರು. ಆಡಿದ ಮೇಲೆ ಅವರಿಗೇ ಗೊತ್ತಾಗಲಿಲ್ಲ ಏನಾಡಿದೆ ಅಂತ. ಫರ್ಜಾನಾ ಬಾಗಿಲಲ್ಲೇ ಕುಳಿತು ಗುಂಡಿ ಹಚ್ಚುತ್ತಿದ್ದಳು. ದಾರ ಹಲ್ಲಿನಿಂದ ಕಡಿದು, "ಹಂಗಾದ್ರ ನಂಗ ಸರಿಹೋತು ಬಿಡ್ರಿ ಅಬ್ಬಾ" ಅಂದಳು. ಎಲ್ಲರೂ ನಕ್ಕರು. ನಿನ್ನ ಭಾವ ನಗಲಿಲ್ಲ, ಎದ್ದು ಹೋಗಿ ಕೈ ತೊಳೆದುಕೊಂಡರು. ತೊಳೆದ ಕೈಯನ್ನೇ ಮತ್ತೆ ತೊಳೆದರು.

ಅವತ್ತಿನಿಂದ ನಮ್ಮ ಮನೆಯಲ್ಲಿ ಏನಾಯಿತು ನೋಡು. ನಿನ್ನ ಭಾವನಿಗೆ ಕೆಂಪು ಗಾಡಿ ಬೇಕು. ಅದು ಬೇಕೆಂದರೆ ಅನಿಲಕುಮಾರನ ಮುಂದೆ ಹಳದಿಯದನ್ನು ಹೊಗಳಬೇಕು, ಅಲ್ಲವೇ? ಅವನು ಅದನ್ನು ಒಯ್ದರೆ ಕೆಂಪು ಇವರಿಗೆ. ಆದರೆ ಇವರ ನಾಲಿಗೆಗೆ ಆ ಸುಳ್ಳು ಬರುವುದಿಲ್ಲ. ಅನಿಲಕುಮಾರ ಬಂದಾಗಲೆಲ್ಲ ಗಿಯರಿನದೇ ಗುಣಗಾನ ಮಾಡಿ, ಅವನು ಹೋದ ಮೇಲೆ ಹಣೆ ಬಡಿದುಕೊಳ್ಳುತ್ತಿದ್ದರು. ಇತ್ತ ನಾನು ಮತ್ತು ಫರ್ಜಾನಾ ಹಳದಿ ಗಾಡಿ ಸೋಲಲಿ ಅಂತ ದುವಾ ಮಾಡುವುದು. ಸೋತರೆ ನಮ್ಮಲ್ಲಿ ಉಳಿಯುತ್ತದೆ. ಗಾಡಿ ಸೋಲಲಿ ಅಂತ ದೇವರನ್ನು ಕೇಳಿಕೊಂಡವರನ್ನು ನೀನು ಎಲ್ಲಾದರೂ ಕಂಡಿದ್ದೀಯಾ?

ಸೋಲಬೇಕಾದದ್ದು ಗೆದ್ದಿತು. ಕಡಲೆ ಕಿತ್ತ ಹೊಲಗಳ ನಡುವೆ ಶಿರೋಳದ ಕಡೆಗೆ ಹೋಗುವ ಬಂಡಿಯ ದಾರಿಯಲ್ಲಿ ಓಟ ಇಟ್ಟರು, ಮುರಿದ ಬೇವಿನ ಮರದ ತನಕ. ಅನಿಲಕುಮಾರ ಕೆಂಪು ಗಾಡಿ ಹತ್ತಿದ, ನಿನ್ನ ಭಾವ ಹಳದಿ. ಬಿಡು ಅಂದ ಕೂಡಲೇ ಹಳದಿ ಗಾಡಿ ಬಾಣದ ಹಾಗೆ ಹೋಯಿತು. ಅನಿಲಕುಮಾರ ಕ್ಲಚ್ಚು ಗಡಬಡಿಸಿ ಬಿಟ್ಟ, ಎಂಜಿನ್ನು ಬಂದಾಯಿತು. ಮತ್ತೆ ಶುರು ಮಾಡಿದ, ಎರಡನೆಯದಕ್ಕೆ ಹಾಕುವಾಗ ನಡುವೆ ಸಿಕ್ಕಿಸಿದ, ಗಾಡಿ ನಿಂತಲ್ಲೇ ಒದರಿತು. ಅವನು ಮರ ಮುಟ್ಟುವಷ್ಟರಲ್ಲಿ ನಿನ್ನ ಭಾವ ಅಲ್ಲಿ ಇಳಿದು ಮುಖ ಹುಳ್ಳಗೆ ಮಾಡಿಕೊಂಡು ನಿಂತಿದ್ದರು, ಗೆದ್ದವರ ಮುಖ ಹಾಗಿರುತ್ತದೆಯೇ. ಅನಿಲಕುಮಾರ ಹಳದಿ ನನ್ನದು ಅಂತ ಅಲ್ಲಿಂದಲೇ ಕೂಗಿದ. ನನ್ನ ಪಕ್ಕದಲ್ಲಿದ್ದ ಫರ್ಜಾನಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ನಿನ್ನ ಭಾವ ಅಷ್ಟಕ್ಕೇ ಬಿಟ್ಟಿದ್ದರೆ ಅವರಿಗೆ ಬೇಕಾದದ್ದು ಅವರಿಗೆ ಸಿಗುತ್ತಿತ್ತು. ಬಿಡುತ್ತಾರೆಯೇ? ಗಿಯರಿನ ಗಾಡಿಗೆ ಅಪಮಾನವಾಯಿತಂತೆ. ಓಡಿಸುವವನು ಕೆಟ್ಟಿದ್ದಕ್ಕೆ ಗಾಡಿ ಕೆಟ್ಟದ್ದು ಅನ್ನಬಾರದಂತೆ. ಅದಲುಬದಲು ಮಾಡಿ ಇನ್ನೊಮ್ಮೆ ಓಡಿಸೋಣ ಅಂತ ಹಟ ಹಿಡಿದರು. ಎರಡನೆಯ ಸಲ ಹೊರಡುವಾಗ ಮತ್ತೆ ಹಳದಿಯೇ ಮುಂದೆ. ಅನಿಲಕುಮಾರ ಬರೀ ಹೆಬ್ಬೆರಳು ಒತ್ತಿ ಕುಳಿತಿದ್ದ. ಆದರೆ ನಿನ್ನ ಭಾವ ಎರಡು, ಮೂರು ಅಂತ ಹಾಕುತ್ತ ಹೋದ ಹಾಗೆ ಕೆಂಪು ಗಾಡಿಯ ದನಿಯೇ ಬೇರೆಯಾಯಿತು. ಅರ್ಧ ದಾರಿಯಲ್ಲಿ ಸರಿಸಮ ಬಂದರು, ಆಮೇಲೆ ಬರೀ ಧೂಳು. ಮರದ ಹತ್ತಿರ ಅವರು ಇಳಿದು ಬೀಡಿ ಹಚ್ಚಿದ ಮೇಲೆ ಹಳದಿ ಬಂತು. ನಿನ್ನ ಮಾತೇ ನಿಜವಾಯಿತು, ಓಡಿಸುವವರ ಮೇಲೆಯೇ ಇದೆ. ಗಿಯರು ಬಲ್ಲವನ ಕೈಗೆ ಕೆಂಪು, ಬಾರದವನ ಕೈಗೆ ಹಳದಿ. ಇಷ್ಟು ಬಿಡಿಸಿ ಫೋನಿನಲ್ಲಿ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು.

ಅನಿಲಕುಮಾರ ದಡ್ಡನಲ್ಲ. "ಕಾಕಾ, ನೀವು ಓಡಿಸಿದ್ರ ಕೆಂಪ ಗಾಡೀನ ಚಲೋ, ಒಪ್ಪತೀನಿ. ಗುಡ್ಡಕ್ಕ ಬರೋರು ನಿಮ್ಮಂಥೋರಲ್ಲ, ನನ್ನಂಥೋರು" ಅಂದ. ಆ ಮಾತು ಸರಿಯಾಗಿತ್ತು. ಸರಿಯಾದ ಮಾತು ಕೇಳಿ ನನಗೆ ಅಷ್ಟು ಸಂಕಟ ಯಾವತ್ತೂ ಆಗಿರಲಿಲ್ಲ.

ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಲ್ಲಿ ಶಿವನಪ್ಪ ಇದ್ದ. ಗೊತ್ತಲ್ಲ, ನಮ್ಮ ಹಿಂದಿನ ಓಣಿಯ ಚನ್ನವ್ವನ ಗಂಡ, ತೆರಬಂಡಿಗೆ ಎತ್ತು ಸಾಕುವವನು. ಗಾಲಿ ಉರುಳದಂತೆ ಕಟ್ಟಿದ ಬಂಡಿಯನ್ನು ಯಾವ ಜೋಡಿ ದೂರ ಎಳೆಯುತ್ತದೆ ಅನ್ನುವುದರ ಹೊರತು ಅವನಿಗೆ ಲೋಕದಲ್ಲಿ ಬೇರೆ ವಿಷಯವಿಲ್ಲ. ಅವನು ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಅಂದ, "ಓಡೂದು ನಾಯೀನೂ ಓಡ್ತತಿ. ಗುಡ್ಡ ಹತ್ತೋದಕ್ಕ ಎಳೆಯೋ ತಾಕತ್ತ ನೋಡಬೇಕು. ನಮ್ಮ ಬಂಡಿ ಕಟ್ಟರಿ, ತಿಳೀತೈತಿ."

ಇದಕ್ಕೆ ಯಾರಾದರೂ ಒಬ್ಬರು ಬೇಡ ಅನ್ನಬೇಕಿತ್ತು. ಒಬ್ಬರೂ ಅನ್ನಲಿಲ್ಲ. ಇಡೀ ಊರೇ ಅದು ಭಾಳ ಬರೋಬ್ಬರಿ ಮಾತು ಅಂತ ತಲೆದೂಗಿತು. ಓಟಕ್ಕೆ ಮಾಡಿದ ಗಾಡಿಗೆ ಎತ್ತಿನ ಪರೀಕ್ಷೆ. ನಮ್ಮವರಿಗೆ ವಿಮಾನ ಕೊಟ್ಟರೂ ಮೊದಲು ಅದಕ್ಕೆ ಬಂಡಿ ಕಟ್ಟಿ ನೋಡುತ್ತಾರೆ. ಅನಿಲಕುಮಾರ ಮೊದಲು ನಕ್ಕ, ಆಮೇಲೆ ಎಲ್ಲರ ಮುಖ ನೋಡಿ ಹಗ್ಗ ಕೊಡಿ ಅಂದ.

ಮೊದಲು ಕೆಂಪು. ನಿನ್ನ ಭಾವ ಒಂದನೆಯ ಗಿಯರಿನಲ್ಲಿ ಕ್ಲಚ್ಚನ್ನು ಬಿಟ್ಟೂ ಬಿಡದ ಹಾಗೆ ಹಿಡಿದು, ಮುಂದಕ್ಕೆ ಬಾಗಿ, ಮಗುವನ್ನು ನಡೆಸುವ ಹಾಗೆ ನಡೆಸಿದರು. ಮುಂದಿನ ಗಾಲಿ ಎರಡೂ ನೆಲ ಬಿಟ್ಟು ಏಳುತ್ತಿದ್ದವು. ಎರೆ ಮಣ್ಣಿನಲ್ಲಿ ಬಂಡಿ ಗೀರಿಕೊಂಡು ಗೀರಿಕೊಂಡು ಗುರುತು ಹಾಕಿದ್ದ ಗೆರೆಯ ತನಕ ಬಂತು. ಶಿವನಪ್ಪ ತನ್ನ ಎತ್ತಿಗೆ ಹೊಡೆಯುವ ಹಾಗೆ ಕೆಂಪು ಗಾಡಿಯ ಹಿಂದೆ ಚಪ್ಪಾಳೆ ಹೊಡೆದು ಹುರಿದುಂಬಿಸುತ್ತಿದ್ದ.

ಆಮೇಲೆ ಹಳದಿ. ಅನಿಲಕುಮಾರ ಕುಳಿತು ಹೆಬ್ಬೆರಳು ಒತ್ತಿದ. ಎಂಜಿನ್ನು ಅರಚಿತು, ಬಂಡಿ ಒಂದು ಮೊಳ ಸರಿಯಿತು, ನಿಂತಿತು. ಇನ್ನೂ ಒತ್ತಿದ. ಒತ್ತು ಒತ್ತು ಅಂತ ಜನ. ಎಡಮಗ್ಗುಲಿನ ಡಬ್ಬಿಯಿಂದ ಸುಟ್ಟ ರಬ್ಬರಿನ ವಾಸನೆ ಬಂತು, ಆಮೇಲೆ ಕಪ್ಪು ಹೊಗೆ, ಆಮೇಲೆ ಚಾಟಿ ಹೊಡೆದ ಹಾಗೆ ಒಂದು ಶಬ್ದ. ಎಂಜಿನ್ನು ತನ್ನ ಪಾಡಿಗೆ ತಾನು ತಿರುಗುತ್ತಿದೆ, ಗಾಡಿ ಮಾತ್ರ ಕಲ್ಲಿನ ಹಾಗೆ ಕೂತಿದೆ. ಡಬ್ಬಿ ಬಿಚ್ಚಿದರೆ ಒಳಗಿನ ಬೆಲ್ಟು ಹರಿದು ಚಿಂದಿ, ಚೂರುಗಳೆಲ್ಲ ನೆಲಕ್ಕೆ ಉದುರಿದವು. ಗಿಯರಿನ ಬದಲು ಆ ಒಂದು ಬೆಲ್ಟೇ ಎಲ್ಲ ಕೆಲಸ ಮಾಡುತ್ತದಂತೆ, ಅದು ಹೋದರೆ ಗಾಡಿಯೇ ಹೋದ ಹಾಗಂತೆ. ಅದೆಲ್ಲ ನಿನಗೆ ಗೊತ್ತಿದ್ದದ್ದು.

"ಇದು ಬ್ಯಾಡ ಬಿಡ್ರಿ ಕಾಕಾ" ಅಂದ ಅನಿಲಕುಮಾರ. ಅಲ್ಲಿಂದಲೇ ಕೆಂಪು ಗಾಡಿಯನ್ನು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹೇರಿಸಿ ಗಜೇಂದ್ರಗಡಕ್ಕೆ ಕಳಿಸಿದ. ನಾವು ಬೇಡಿಕೊಂಡದ್ದೇ ಆಯಿತು, ಹಳದಿ ಗಾಡಿ ಸೋತು ನಮ್ಮದಾಯಿತು. ಸತ್ತು ನಮ್ಮದಾಯಿತು. ಫರ್ಜಾನಾ ಹೊಲದಲ್ಲಿ ಕುಂಟುತ್ತ ಓಡಾಡಿ ಬೆಲ್ಟಿನ ಚೂರುಗಳನ್ನೆಲ್ಲ ದುಪಟ್ಟಾದಲ್ಲಿ ಆರಿಸಿಕೊಂಡಳು. ಇನ್ನೂ ಬಿಸಿ ಇದ್ದವು. ಕೈ ಸುಟ್ಟುಕೊಂಡೀಯೆ ಅಂದರೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಿನ್ನೆ ಇಲ್ಲಿಗೆ ನಿಲ್ಲಿಸಿದ್ದೆ, ಚನ್ನವ್ವ ಬಂದು ಕುಳಿತಳು. ಇವತ್ತು ಸೋಮವಾರ. ಚನ್ನವ್ವ ಗಂಡನ ಪರವಾಗಿ ತಪ್ಪಾಯಿತು ಅನ್ನಲು ಬಂದವಳು. ಅವನನ್ನು ಗದಗಕ್ಕೆ ಅಟ್ಟಿ ಬೆಲ್ಟು ಹುಡುಕಿಸಿದ್ದಾಳೆ. ಅಂಗಡಿಯವನು ಚೂರು ನೋಡಿ ಹಿಟ್ಟಿನ ಗಿರಣಿಯದೇ ಅಂತ ಕೇಳಿದನಂತೆ. ಶಿವನಪ್ಪ ಹೌದು ಅಂದು ಗಿರಣಿಯ ಬೆಲ್ಟನ್ನೇ ತಂದಿದ್ದಾನೆ. ಅದು ಹಳದಿ ಗಾಡಿಗೆ ಹತ್ತಲಿಲ್ಲ. ಈಗ ನಮ್ಮ ಮನೆಯಲ್ಲಿ ಗಿರಣಿ ಇಲ್ಲದ ಒಂದು ಗಿರಣಿ ಬೆಲ್ಟು ಇದೆ, ಬೇಕಾದರೆ ಹೇಳು.

ಈಗ ನಿಜವಾದ ಸಂಕಟ ಕೇಳು. ಗುಡ್ಡಕ್ಕೆ ಹೋದ ಕೆಂಪು ಗಾಡಿಯನ್ನು ಅಲ್ಲಿ ಯಾರಿಗೂ ಓಡಿಸಲು ಬರುತ್ತಿಲ್ಲ. ಬಂದವರೆಲ್ಲ ಏರಿನಲ್ಲಿ ಎಂಜಿನ್ನು ಬಂದು ಮಾಡಿಕೊಂಡು ಹಿಂದಕ್ಕೆ ಜಾರುತ್ತಾರಂತೆ. ಅನಿಲಕುಮಾರ ವಾರ ತುಂಬುವುದರೊಳಗೆ ಮರಳಿ ಬಂದ. ಹಳದಿಯದನ್ನು ರಿಪೇರಿ ಮಾಡಿದರೆ ಅದನ್ನೇ ಒಯ್ದು ಕೆಂಪನ್ನು ಬಿಡುತ್ತೇನೆ, ಗೋವಾದವನಿಗೆ ಬೆಲ್ಟಿಗೆ ಹೇಳಿದ್ದೇನೆ ಅಂದ. ನಿನ್ನ ಭಾವನ ಮುಖ ಈದ್ ಚಂದ್ರನ ಹಾಗೆ ಅರಳಿತು. ಆಗ ಫರ್ಜಾನಾ ಒಳಗಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ ರೀತಿ ನೀನು ನೋಡಬೇಕಿತ್ತು.

"ಬೆಲ್ಟ್ ನಾ ತರಿಸಿದ್ರ, ಅಬ್ಬಾ?" ಅಂದಳು.

"ನೀ ಎಲ್ಲಿಂದ ತರಸ್ತಿ?"

"ತರಿಸಿದ್ರ?"

ಇವರು ನಕ್ಕರು. "ಯಾರ ಬೆಲ್ಟ್ ಮೊದಲ ಬರ್ತತಿ, ಹಳದಿ ಗಾಡಿ ಅವರದು. ಆತಿಲ್ಲೋ?" ಅಂದರು. ಅನಿಲಕುಮಾರನೂ ನಕ್ಕು ಆಗಲಿ ಅಂದ. ನಿನ್ನ ಭಾವ ಎಂಥ ಹಟಮಾರಿಯಾದರೂ ನಾಲ್ಕು ಜನರ ಮುಂದೆ ಆಡಿದ ಮಾತನ್ನು ನುಂಗುವವರಲ್ಲ. ಹಟಮಾರಿಗಳಲ್ಲಿ ಇದೊಂದು ಗುಣ.

ನಾನು ಅವರನ್ನು ಒಬ್ಬರೇ ಇದ್ದಾಗ ಕೇಳಿದೆ, ಅವಳಿಗೆ ಯಾಕೆ ಬಿಡಬಾರದು ಅಂತ. ಮುಖ ಕೆಳಗೆ ಹಾಕಿ ಅಂದರು, "ನಾ ಇದ್ದೀನಲ್ಲ. ಎಲ್ಲಿಗಿ ಬೇಕಂದ್ರ ಅಲ್ಲಿಗಿ ಬಿಟ್ಟು ಬರ್ತೀನಿ. ಇಳುಕಲಿನ್ಯಾಗ ಅದು ಗಿಯರಿನ ಗಾಡಿ ಹಂಗ ಎಂಜಿನ್ನಿಗಿ ಹಿಡಕೊಂಡ ಇಳಿಯಂಗಿಲ್ಲ, ಜಾರತೈತಿ. ಬಿದ್ದರ ಆ ಕಾಲು ಹಿಡಕೊಂಡು ಏಳತಾಳೇನು?" ನನಗೆ ಬಿದ್ದ ಕನಸೂ ಅದೇ ಅಲ್ಲವೇ. ಆ ದಿನದಿಂದ ನನ್ನ ತಲೆಯಲ್ಲಿ ಒಂದು ಕಡೆ ಬೆಲ್ಟು ಲಗೂ ಬರಲಿ ಅಂತ ಇದೆ, ಇನ್ನೊಂದು ಕಡೆ ಬಾರದೇ ಇರಲಿ ಅಂತ ಇದೆ. ರೊಟ್ಟಿ ಬಡಿಯುವಾಗ ಒಂದು, ತಟ್ಟೆಗೆ ಹಾಕುವಾಗ ಇನ್ನೊಂದು. ನೀನು ಇಳಿಜಾರಿನ ವಿಷಯವನ್ನೂ ಬರೆ. ಹೆಬ್ಬೆರಳು ಬಿಟ್ಟು ಎರಡೂ ಬ್ರೇಕು ಹಿಡಿದರೆ ನಿಲ್ಲುತ್ತದೆಯೋ ಇಲ್ಲವೋ. ಮತ್ತೆ ಓಡಿಸುವವರ ಮೇಲೆ ಇದೆ ಅಂತ ಬರೆದರೆ ಆ ಕಾಗದ ಹರಿದು ಒಲೆಗೆ ಹಾಕುತ್ತೇನೆ.

ಈಗ ನಿನ್ನ ಕೆಲಸ. ಗಜೇಂದ್ರಗಡದ ಕಾಶೀಂಬಿಯ ಮಗ ನಿಮ್ಮ ಶಾರ್ಜಾದಿಂದ ಮುಂದಿನ ತಿಂಗಳು ರಜೆಗೆ ಬರುತ್ತಾನಂತೆ, ಅವಳೇ ಸಂತೆಯಲ್ಲಿ ಸಿಕ್ಕಾಗ ಹೇಳಿದಳು. ಅವನ ಕೈಯಲ್ಲಿ ಒಂದು ಬೆಲ್ಟು ಕಳಿಸು. ಸೆಂಟು, ಸಾಬೂನು, ನನಗೆ ಕಂಬಳಿ, ಏನೂ ಬೇಡ. ಬೆಲ್ಟೊಂದೇ ಸಾಕು. ನೀನು ಬಾಡಿಗೆಗೆ ಕೊಡುವ ಗಾಡಿಗಳಲ್ಲಿ ಇದೇ ಜಾತಿಯ ಹಳದಿ ಒಂದು ಇದೆ ಅಂದಿದ್ದೆ. ಅದರ ಬೆಲ್ಟೇ ಇದಕ್ಕೂ ಬರಬೇಕು. ಬೆಲ್ಟಿನ ಮೇಲಿದ್ದ ನಂಬರಿನ ಕೊನೆಯ ಅಂಕಿ ಸುಟ್ಟುಹೋಗಿದೆ. ಫರ್ಜಾನಾ ಚೂರುಗಳನ್ನು ಹೊಲಿಗೆಯ ಟೇಪಿನಿಂದ ಅಳೆದಿದ್ದಾಳೆ. ಅಗಲ ಒಂದು ಇಂಚಿಗೆ ಒಂದು ಗೆರೆ ಕಡಿಮೆ. ಒಂದು ಚೂರನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ, ಟಪಾಲಿನವರು ವಾಸನೆ ಅಂತ ಎಸೆಯದಿದ್ದರೆ ಸಾಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿಸಿಲಿನಲ್ಲಿ ತಲೆಗೆ ಬಟ್ಟೆ ಇಲ್ಲದೆ ನಿಲ್ಲಬೇಡ. ಯಾರೇ ಪಂದ್ಯ ಅಂದರೂ ಗಿಯರಿನ ಗಾಡಿಯನ್ನೂ ಹತ್ತಬೇಡ, ಗಿಯರಿಲ್ಲದ್ದನ್ನೂ ಹತ್ತಬೇಡ. ಅಲ್ಲಾಹನು ನಿನ್ನನ್ನು ಸುಖವಾಗಿಡಲಿ, ನಿನ್ನ ಕೈಯಲ್ಲಿ ಬರಕತ್ ಕೊಡಲಿ. ಬರುವ ವರ್ಷವಾದರೂ ಬಂದು ನಮ್ಮ ಅಂಗಳದಲ್ಲಿ ಕುಳಿತು ಚಹಾ ಕುಡಿ.

ನಿನ್ನ ಅಕ್ಕ,
ಜಮಾಲಬಿ

ತಾ.ಕ.: ಇದನ್ನು ನಿನ್ನ ಭಾವನಿಗೆ ಹೇಳಿಲ್ಲ, ನೀನೂ ಫೋನಿನಲ್ಲಿ ಬಾಯಿ ಬಿಡಬೇಡ. ಓಟಕ್ಕಿಂತ ಮೊದಲು ಒಂದು ದಿನ ಇವರು ಏನೋ ಸಾಮಾನಿಗೆ ರೋಣಕ್ಕೆ ಹೋಗಿದ್ದರು, ಮರಳಿದ್ದು ರಾತ್ರಿ ಕಡೆಯ ಬಸ್ಸಿಗೆ. ನಾನು ಹಿಂದಿನ ಬಾಗಿಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಫರ್ಜಾನಾ ಹಳದಿ ಗಾಡಿ ತೆಗೆದುಕೊಂಡು ಹೊಲದ ದಾರಿ ಹಿಡಿದು ಹೋಗಿಬಿಟ್ಟಳು. ದನಗಳು ಮನೆಗೆ ಬಂದವು, ಇವಳಿಲ್ಲ. ಮನೆಮನೆಯಲ್ಲಿ ದೀಪ ಹತ್ತಿತು, ಇವಳಿಲ್ಲ. ಊರ ಹೊರಗೆ ನಿಂತು ನನ್ನ ಜೀವ ಹೇಗಾಯಿತು ಅಂತ ಬರೆಯಲು ನನಗೆ ಬರುವುದಿಲ್ಲ. ಕಡೆಗೆ ಬೆಳಕೊಂದು ನಿಧಾನವಾಗಿ ಬಂತು. ಮೈಯೆಲ್ಲ ಧೂಳು, ಮುಖದಲ್ಲಿ ನಗೆ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಅಂದಳು, "ಎಲ್ಲಿಗೂ ಹೋಗಿದ್ದಿಲ್ಲಮ್ಮಾ. ಹಳ್ಳದ ದಂಡಿ ಮ್ಯಾಲೆ ಸುಮ್ಮನ ಕುಂತಿದ್ದೆ. ಇನ್ನ ಹೊರಡೂಣು, ಇನ್ನ ಹೊರಡೂಣು ಅಂತ ಕುಂತೆ. ತಡಾ ಮಾಡಿ ಮನಿಗೆ ಬರಾಕ ನಂಗ ಇವತ್ತ ಸಿಕ್ತು ನೋಡು."

ಶಾಹೀದ, ಅವಳಿಗೆ ಇಪ್ಪತ್ತೊಂದು ವರ್ಷ. ನನ್ನ ಮಗಳು ಅಲ್ಲಿಯ ತನಕ ಒಂದು ದಿನವೂ ತಡವಾಗಿ ಮನೆಗೆ ಬಂದಿರಲಿಲ್ಲ. ಕರೆತರುವವರು ಹೊರಟಾಗ ಹೊರಟಿದ್ದಾಳೆ, ಅವರು ಬಂದಾಗ ಬಂದಿದ್ದಾಳೆ. ನಾನು ಅದನ್ನು ಅವಳ ಒಳ್ಳೆಯತನ ಅಂತ ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ. ಆ ದಿನ ಅವಳ ಹಿಂದೆಯೇ ಮನೆಗೆ ಬಂದೆ. ಒಳಗೆ ಹೋಗಿ ರೊಟ್ಟಿ ಬಿಸಿ ಮಾಡಿದೆ.

ಅಗಲವನ್ನು ನಾವು ಅಳೆದದ್ದು ಸವೆದ, ಸುಟ್ಟ ಚೂರಿನ ಮೇಲೆ. ಹೊಸದು ಇದಕ್ಕಿಂತ ಅಗಲ ಇರುತ್ತದೆಯೋ ಏನೋ. ಒಂದು ನೂಲಿನಷ್ಟು ಹೆಚ್ಚು ಕಡಿಮೆಯಾದರೂ ಅವಳು ಮತ್ತೆ ಹೊತ್ತಿಗೆ ಸರಿಯಾಗಿ ಮನೆಗೆ ಬರುವವಳಾಗುತ್ತಾಳೆ. ನಿನ್ನಲ್ಲಿರುವ ಹಳದಿ ಗಾಡಿಯ ಡಬ್ಬಿ ಬಿಚ್ಚಿ, ಬೆಲ್ಟಿನ ಅಗಲ ಇನ್ನೊಂದು ಸಲ ನೋಡು.